‘ಕಿಡಲ್’ ಎಂಬ ಹಳೆಯ ಇಂಗ್ಲಿಷ್ ಪದದ ಅರ್ಥವೇನು? ಎಲ್ಲಿಂದ ಬಂತು?

ಕಿಡಲ್ ಅಂದರೆ ಮೀನು ಹಿಡಿಯಲು ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಬೇಲಿ. ನೀರಿನಲ್ಲಿ ಮರದ ಗೂಟಗಳನ್ನು ಸಾಲಾಗಿ ನೆಟ್ಟು, ನಡುವೆ ಕಡ್ಡಿ ಹೆಣೆದು ಕಿಂಡಿ ಬಿಡುತ್ತಿದ್ದರು. ಕಿಂಡಿಗೆ ಬಲೆ ಕಟ್ಟಿದರೆ ಮುಗಿಯಿತು, ಹರಿವಿನ ಜೊತೆ ಬಂದ ಮೀನು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಪದದ ಮೂಲ ಹಳೆಯ ಫ್ರೆಂಚ್. ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನಿಂದ ‘ಕಿಡೆಲ್’ ಎಂಬ ರೂಪದಲ್ಲಿ ಇಂಗ್ಲಿಷಿಗೆ ಬಂತು.

ಈ ಪದ ಇವತ್ತಿಗೂ ನೆನಪಿನಲ್ಲಿರುವುದು ಮುಖ್ಯವಾಗಿ 1215ರ ಮ್ಯಾಗ್ನಾ ಕಾರ್ಟಾದಿಂದ. ದೊರೆ ಜಾನ್ ಒಪ್ಪಿದ ಆ ಸನ್ನದಿನ 33ನೇ ಕಲಮು ಥೇಮ್ಸ್, ಮೆಡ್ವೇ ಮತ್ತು ಇಂಗ್ಲೆಂಡಿನ ಎಲ್ಲಾ ನದಿಗಳಿಂದ ಕಿಡಲ್‌ಗಳನ್ನು ಕಿತ್ತುಹಾಕಬೇಕು ಎನ್ನುತ್ತದೆ. ಕಡಲತೀರಕ್ಕೆ ಮಾತ್ರ ವಿನಾಯಿತಿ. ಕಾರಣ ಸರಳ: ಆಗ ಸರಕು ಸಾಗುತ್ತಿದ್ದುದೇ ಜಾಸ್ತಿ ದೋಣಿಗಳಲ್ಲಿ. ನದಿಗೆ ಬೇಲಿ ಹಾಕಿದರೆ ದೋಣಿ ಹೋಗುವುದು ಹೇಗೆ, ಅಲ್ವಾ? ಹಕ್ಕುಗಳ ಮಹಾಪತ್ರ ಎಂದು ನಾವು ಓದುವ ದಾಖಲೆಯಲ್ಲಿ ಮೀನಿನ ಬೇಲಿಗೂ ಜಾಗ ಸಿಕ್ಕಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ.

ಮುಂದೆ ಸಮುದ್ರದಂಡೆಯಲ್ಲಿ ಗೂಟಕ್ಕೆ ಕಟ್ಟುವ ಬಲೆಗೂ ಇದೇ ಹೆಸರು ಬಂತು. ಆಗ್ನೇಯ ಇಂಗ್ಲೆಂಡಿನ ಕೆಂಟ್, ಸಸೆಕ್ಸ್ ಕಡೆ ಅದನ್ನು ‘ಕೆಟಲ್ ಬಲೆ’ ಎನ್ನುತ್ತಿದ್ದರು.