ಫೈಬರ್ ಮುಟ್ಟಿದರೆ ಬೆಳಕು ಏಕೆ ಏರಿಳಿಯುತ್ತದೆ?

ಗೋಳಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಸಾಗುವಂತೆಯೇ ಸಿಂಗಲ್ ಮೋಡ್ ಫೈಬರಿನಲ್ಲಿ (ಬೆಳಕಿಗೆ ಒಂದೇ ಹಾದಿ ಬಿಡುವ ತೆಳು ಗಾಜಿನ ಎಳೆಯಲ್ಲಿ) ಬೆಳಕೂ ಸಾಗುವುದಾದರೆ, ಎಳೆಯನ್ನು ಮುಟ್ಟಿದ ಮಾತ್ರಕ್ಕೆ ಪೋಲರೈಸರಿನ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಶೋಧಕದ) ಆಚೆಯ ಬೆಳಕು ಏಕೆ ಏರಿಳಿಯುತ್ತದೆ, ಲೇಸರ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಮೊದಲು ಪೋಲರೈಸರ್ ತೆಗೆದು ಅಳೆಯಿರಿ. ಆಗ ಬೆಳಕು ಸ್ಥಿರವಾಗಿದ್ದರೆ ಲೇಸರಿನ ತಪ್ಪಿಲ್ಲ.

ವಿಜಯಪುರದಲ್ಲೇ ಬೆಳೆದ ನನಗೂ ಆ ಹೋಲಿಕೆ ಪ್ರಿಯ. ಆದರೆ ಗಾಳಿಯಲ್ಲಿ ಶಬ್ದ ತಾನು ಸಾಗುವ ದಿಕ್ಕಿನಲ್ಲೇ ಕಂಪಿಸುತ್ತದೆ. ಅದಕ್ಕೆ ಧ್ರುವೀಕರಣವೇ, ಅಂದರೆ ಅಡ್ಡ ಕಂಪನದ ದಿಕ್ಕೇ, ಇಲ್ಲ. ಬೆಳಕು ಅಡ್ಡಲಾಗಿ ಕಂಪಿಸುತ್ತದೆ. ಸುಮಾರು 9 ಮೈಕ್ರೋಮೀಟರ್ ಅಗಲದ ತಿರುಳಿನಲ್ಲಿ ಅದು ಪರಸ್ಪರ ಲಂಬವಾದ ಎರಡು ಕಂಪನಗಳಾಗಿ ಸಾಗುತ್ತದೆ. ತಿರುಳು ಪೂರ್ಣ ದುಂಡಗಿದ್ದರೆ ಎರಡಕ್ಕೂ ಒಂದೇ ವೇಗ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ನೀವು ಒತ್ತಿದಾಗ, ಬಾಗಿಸಿದಾಗ ಗಾಜಿನೊಳಗೆ ಬಿಗಿತ ಹುಟ್ಟುತ್ತದೆ; ಒಂದು ಕಂಪನ ಇನ್ನೊಂದಕ್ಕಿಂತ ಹಿಂದೆ ಬೀಳುತ್ತದೆ. 1550 ನ್ಯಾನೋಮೀಟರ್ ಬೆಳಕಿಗೆ ಕಾಲು ತರಂಗದಷ್ಟು, ಅಂದರೆ 400 ನ್ಯಾನೋಮೀಟರಿಗೂ ಕಡಿಮೆ ಅಂತರ ಬಿದ್ದರೂ ಸಾಕು, ನೇರ ಧ್ರುವೀಕರಣ ದೀರ್ಘವೃತ್ತಕ್ಕೆ ತಿರುಗುತ್ತದೆ. ಆಗ ಪೋಲರೈಸರ್ ದಾಟುವ ಬೆಳಕಿನ ಪಾಲೂ ಬದಲಾಗುತ್ತದೆ. ಎಷ್ಟು ಸೂಕ್ಷ್ಮ ನೋಡಿ!

ಎಳೆಯನ್ನು ಮೇಜಿಗೆ ಟೇಪಿನಿಂದ ಅಂಟಿಸಿ. ಅದೂ ಸಾಲದಿದ್ದರೆ ಧ್ರುವೀಕರಣವನ್ನು ಕಾಪಾಡುವ ಪಾಂಡಾ ಫೈಬರ್ ತರಿಸಿ. ತಿರುಳಿನ ಇಕ್ಕೆಲದ ಕಡ್ಡಿಗಳು ಮೊದಲೇ ದೊಡ್ಡ ಬಿಗಿತ ತುಂಬಿರುವುದರಿಂದ ಬೆರಳಿನ ಒತ್ತಡ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಬೆಳಕಿನ ಧ್ರುವೀಕರಣವನ್ನು ಮಾತ್ರ ಅದರ ಒಂದು ಅಕ್ಷಕ್ಕೆ ಸರಿಯಾಗಿ ಹೊಂದಿಸಿಯೇ ಒಳಗೆ ಬಿಡಿ.