ಸಂಪಾದಕರ ಉತ್ತರ: ‘ಆಯಿ’ ಹೋಗಿ ‘ಹಾಯ್’ ಬಂದಾಗ

ಈ ತಿಂಗಳು ಬಂದ ಪತ್ರಗಳಲ್ಲಿ ಶಿರಸಿ ಸೀಮೆಯ ನಿವೃತ್ತ ಶಿಕ್ಷಕಿಯೊಬ್ಬರದು ನನ್ನ ಮೇಜಿನಿಂದ ಕದಲಲೇ ಇಲ್ಲ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅಮೆರಿಕಕ್ಕೆ ಹೋದ ಹೊಸತರಲ್ಲಿ ಅವರ ಮಗ ‘ಆಯಿ’ (ಅಮ್ಮ) ಎಂದು ಆರಂಭಿಸಿ ಎರಡು ಪುಟ ಬರೆಯುತ್ತಿದ್ದನಂತೆ. ಈಗ ವಾಟ್ಸ್‌ಆ್ಯಪ್‌ನಲ್ಲಿ, ಇಂಗ್ಲಿಷ್ ಅಕ್ಷರಗಳ ಕನ್ನಡದಲ್ಲಿ, ‘ಹಾಯ್, ಊಟ ಆಯ್ತಾ’ ಎನ್ನುತ್ತಾನೆ. ಇವರು ಉದ್ದಕ್ಕೆ ಬರೆದ ಉತ್ತರಕ್ಕೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. “ಸುದ್ದಿ ಆ ಕ್ಷಣಕ್ಕೇ ಮುಟ್ಟುತ್ತದೆ, ಮುಖವೂ ಕಾಣುತ್ತದೆ, ಇನ್ನೇನು ಬೇಕು ಎಂದು ಮನೆಯವರು ಕೇಳುತ್ತಾರೆ. ಏನು ಬೇಕೆಂದು ನನಗೂ ಹೇಳಲು ಬರುತ್ತಿಲ್ಲ. ನನ್ನ ಕೊರಗು ಮುದುಕಿಯ ಹಟವೇ?” ಎಂಬುದು ಅವರ ಪ್ರಶ್ನೆ.

ಮಾನ್ಯ ಸೋದರಿ,

ಹಟವಲ್ಲ. ನಿಮ್ಮ ಕೊರಗಿಗೆ ಕಾರಣವಿದೆ, ಮತ್ತು ಆ ಕಾರಣ ಕನ್ನಡದ ವ್ಯಾಕರಣದಲ್ಲೇ ಇದೆ ಎಂದು ನಾನು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಅದನ್ನು ಹೇಳುವ ಮೊದಲು ನಿಮ್ಮ ಮನೆಯವರ ಮಾತಿಗೂ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಸಮುದ್ರದಾಚೆಯ ಮೊಮ್ಮಗುವಿಗೆ ಹಲ್ಲು ಮೂಡಿದ್ದನ್ನು ಅಂದೇ ನೋಡುವ ಭಾಗ್ಯ ನಿಮ್ಮ ಅತ್ತೆಯವರ ಕಾಲದಲ್ಲಿ ಇರಲಿಲ್ಲ. ಅಕ್ಷರಗಳನ್ನು ಮೊಟಕುಗೊಳಿಸುವುದರ ಮೇಲೂ ನನಗೆ ಮುನಿಸಿಲ್ಲ. ‘ಚಿ||’, ‘ಸೌ||’, ‘ಉ.ಕು.ಸಾಂ.’ (ಉಭಯ ಕುಶಲೋಪರಿ ಸಾಂಪ್ರತ) ಎಂದು ಬರೆಯುತ್ತಿದ್ದ ಹಿರಿಯರ ಮೊಮ್ಮಕ್ಕಳು ನಾವು. ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ 2008ರಲ್ಲಿ ಈ ವಿಷಯಕ್ಕೆಂದೇ ಒಂದು ಪುಸ್ತಕ ಬರೆದು, ಮೊಬೈಲ್ ಸಂದೇಶಗಳಿಂದ ಭಾಷೆ ಕೆಡುತ್ತದೆಂಬ ಭಯಕ್ಕೆ ಆಧಾರವಿಲ್ಲ, ಅಕ್ಷರ ಬಿಟ್ಟು ಬರೆಯಬೇಕಾದರೂ ಮೊದಲು ಕಾಗುಣಿತ ಬಲ್ಲವರಾಗಿರಬೇಕು ಎಂದು ವಾದಿಸಿದರು. ಒಪ್ಪತಕ್ಕ ಮಾತೇ. ಆದರೆ ಅವರ ಮುಂದಿದ್ದುದು ಇಂಗ್ಲಿಷ್. ಆ ಭಾಷೆಯಲ್ಲಿ ತಾಯಿಗೂ ತಮ್ಮನಿಗೂ ದಾರಿಹೋಕನಿಗೂ ಒಂದೇ ‘ಯೂ’.

ಕನ್ನಡದಲ್ಲಿ ಕ್ರಿಯಾಪದದ ಕೊನೆ ಮುಟ್ಟುವಷ್ಟರಲ್ಲಿ ಎದುರಿಗಿರುವವರು ನಮಗೆ ಏನಾಗಬೇಕು ಎಂಬುದು ತೀರ್ಮಾನವಾಗಿರಬೇಕು. ಬಾ, ಬನ್ನಿ, ಧಾರವಾಡದ ಕಡೆಯ ಬರ್ರಿ: ಕರೆಯುವ ಒಂದು ಮಾತಿನಲ್ಲೇ ವಯಸ್ಸು, ಸಲಿಗೆ, ಊರು ಎಲ್ಲವೂ ಅಡಗಿವೆ. ಒಪ್ಪಿಗೆಯ ಮಾತನ್ನೇ ತೆಗೆದುಕೊಳ್ಳಿ. ‘ಆಗಲಿ ಮಾವ’, ‘ಆಯ್ತಪ್ಪ’, ‘ಹಾಗೇ ಆಗ್ಲಮ್ಮ’, ‘ಆಯ್ತು ಕಣೇ’. ಒಪ್ಪಿಗೆ ಒಂದೇ, ನಂಟು ನಾಲ್ಕು. ಹೆಬ್ಬೆರಳಿನ ಚಿತ್ರಕ್ಕೆ ಏಕವಚನವಿಲ್ಲ, ಬಹುವಚನವಿಲ್ಲ, ಮಾವನಿಲ್ಲ, ಅಮ್ಮನಿಲ್ಲ. ಮನೆಯ ಮಾಲೀಕನಿಗೂ ಕಚೇರಿಯ ಮೇಲಧಿಕಾರಿಗೂ ನಿಮಗೂ ನಿಮ್ಮ ಮಗ ಕಳಿಸುವುದು ಅದೇ ಬೆರಳನ್ನು. ಉತ್ತರ ಬರೀ ಚಿಕ್ಕದಾಗಿದ್ದರೆ ನೀವು ಸಹಿಸಿಕೊಳ್ಳುತ್ತಿದ್ದಿರಿ. ಅದರಲ್ಲಿ ನಿಮ್ಮನ್ನು ಕರೆದ ಸದ್ದೇ ಇಲ್ಲದಿರುವುದು ನಿಮ್ಮನ್ನು ಚುಚ್ಚಿದೆ.

ಮಾತಿನ ಈ ಜಿಪುಣತನ ಬಂದ ದಾರಿಯನ್ನೂ ಹೇಳಬೇಕು. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ದೂರಸಂಪರ್ಕ ಎಂಜಿನಿಯರರು ಟೈಪ್‌ರೈಟರಿನ ಮುಂದೆ ಕುಳಿತು ಬಗೆಬಗೆಯ ವಾಕ್ಯಗಳನ್ನು ಹೊಡೆದು, ಅಕ್ಷರ ಎಣಿಸಿ, ಒಂದು ಮೊಬೈಲ್ ಸಂದೇಶಕ್ಕೆ 160 ಅಕ್ಷರ ಸಾಕು ಎಂಬ ನಿರ್ಧಾರಕ್ಕೆ ಬಂದರು. ಪೋಸ್ಟ್‌ಕಾರ್ಡುಗಳಲ್ಲಿ ಜನ ಸಾಮಾನ್ಯವಾಗಿ 150ಕ್ಕಿಂತ ಕಡಿಮೆ ಅಕ್ಷರ ಬರೆಯುತ್ತಾರೆ ಎಂಬುದು ಅವರಿಗೆ ದೊರೆತ ಆಧಾರಗಳಲ್ಲೊಂದು. ನಮ್ಮ ಕಡೆಯ ಕಾರ್ಡುಗಳನ್ನು ಅವರು ನೋಡಿರಲಾರರು. ಸಾಸಿವೆ ಗಾತ್ರದ ಅಕ್ಷರ, ಅಂಚಿನಲ್ಲಿ ಕಾರ್ಡನ್ನು ತಿರುಗಿಸಿ ಓದಬೇಕಾದ ಎರಡು ಸಾಲು, ವಿಳಾಸದ ಪಕ್ಕದಲ್ಲಿ ಉಳಿದ ಜಾಗಕ್ಕೂ ಒಂದಿಷ್ಟು ಸುದ್ದಿ! ಆ 160 ಕೂಡ ಇಂಗ್ಲಿಷಿಗೆ ಸಿಕ್ಕ ಜಾಗ. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಯುವುದು 70 ಸಂಕೇತಗಳು ಮಾತ್ರ. ಒತ್ತಿಗೂ ಸ್ವರಚಿಹ್ನೆಗೂ ಬೇರೆ ಬೇರೆ ಲೆಕ್ಕವಾದ್ದರಿಂದ ‘ಕ್ಷೇಮ’ ಎಂಬ ಎರಡಕ್ಷರದ ಮಾತಿಗೇ ಐದು ಸಂಕೇತ ಖರ್ಚು. ಮೇಲಾಗಿ ಅಂದಿನ ಎಷ್ಟೋ ಹ್ಯಾಂಡ್‌ಸೆಟ್ಟುಗಳಲ್ಲಿ ಕನ್ನಡ ಮೂಡುತ್ತಲೇ ಇರಲಿಲ್ಲ. ಆಗ ಜನ ಇಂಗ್ಲಿಷ್ ಅಕ್ಷರಗಳ ಮೊರೆಹೋದದ್ದು ಸಹಜ. ಆದರೆ ಆ ಇಕ್ಕಟ್ಟು ಕಳೆದು ವರ್ಷಗಳಾದವು. ಕೆ.ಪಿ. ರಾವ್ ಅವರಂಥವರು ಕನ್ನಡದ ಕೀಲಿಮಣೆಗಾಗಿ ದುಡಿದರು, ಇಂದು ಮಾಮೂಲಿ ಫೋನಿನಲ್ಲೂ ಕನ್ನಡ ಮೂಡುತ್ತದೆ, ಎಷ್ಟು ಬರೆದರೂ ಕಾಸಿಲ್ಲ. ಜಾಗ ಸಿಕ್ಕಿದ ಮೇಲೂ ನಾವು ಇಕ್ಕಟ್ಟಿನ ಅಭ್ಯಾಸವನ್ನೇ ಹಿಡಿದುಕೊಂಡು ಕುಳಿತಿದ್ದೇವೆ.

ಹೀಗಾಗಿ ಬಿ, ಇ, ಎಲ್, ಇ ಎಂದು ಬಂದ ಪದ ಬೆಲೆಯೋ ಬೆಳೆಯೋ ಬೇಳೆಯೋ ಎಂದು ಹಿಂದುಮುಂದಿನ ಮಾತು ನೋಡಿ ಊಹಿಸಬೇಕು. ತೊಗರಿ ಬೆಳೆಯುವವನ ಮನೆಯಲ್ಲಿ ಮೂರೂ ದಿನಬಳಕೆಯ ಮಾತುಗಳು. ಹೀಗೆ ಬರೆಯುತ್ತಲೇ ಬೆಳೆದ ಹುಡುಗರ ನಾಲಿಗೆಯಲ್ಲಿ ‘ಳ’ ಸಡಿಲವಾಗುತ್ತಿರುವುದನ್ನು ನಾನು ಸ್ವಂತ ಕಿವಿಯಿಂದ ಕೇಳುತ್ತಿದ್ದೇನೆ.

ನಾನು ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದಾಗ ನಮ್ಮ ತಂದೆ ಬರೆದ ಇನ್‌ಲ್ಯಾಂಡ್ ಪತ್ರಗಳು ಈಗಲೂ ನನ್ನ ಟ್ರಂಕಿನಲ್ಲಿವೆ. ಮೇಲೆ ನಡುವೆ ‘ಶ್ರೀ’, ಎಡಕ್ಕೆ ‘ಕ್ಷೇಮ’, ಬಲಕ್ಕೆ ಊರಿನ ಹೆಸರು ಮತ್ತು ತಾರೀಖು. ‘ಚಿರಂಜೀವಿಗೆ ಆಶೀರ್ವಾದಗಳು. ನಾವೆಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರುವುದು’ ಎಂಬ ಮೊದಲ ಸಾಲು ಒಂದು ಪತ್ರದಲ್ಲೂ ಬದಲಾಗಿಲ್ಲ. ನನ್ನ ತಾಯಿಗೆ ಓದುಬರಹ ಬರುತ್ತಿರಲಿಲ್ಲ. ಅಂಟು ಹಚ್ಚುವ ಮಡಿಕೆಯ ಜಾಗ ಅವಳದು. ಅವಳು ಹೇಳುತ್ತಿದ್ದಳು, ಅಪ್ಪ ಬರೆಯುತ್ತಿದ್ದರು. ಒಂದು ಪತ್ರದ ಮಡಿಕೆಯಲ್ಲಿ ಹೀಗಿದೆ: ‘ನಿನ್ನ ತಾಯಿ ಹೇಳುತ್ತಾಳೆ, ಗೌರಿ ಕರು ಹಾಕಿದೆ, ಹೆಣ್ಣುಗರು. ಗಿಣ್ಣು ಮಾಡಿದ್ದೆವು, ನೀನಿಲ್ಲದೆ ಯಾರಿಗೂ ಸೇರಲಿಲ್ಲ. ಎಣ್ಣೆಸ್ನಾನ ತಪ್ಪಿಸಬೇಡವಂತೆ.’ ಕೊನೆಯ ‘ವಂತೆ’ ನೋಡಿ. ಮಾತು ಹೆಂಡತಿಯದು, ಬರೆದ ಕೈ ಮಾತ್ರ ನನ್ನದು ಎಂದು ಅಪ್ಪ ಆ ಎರಡಕ್ಷರದಲ್ಲಿ ತಿಳಿಸಿಬಿಟ್ಟಿದ್ದಾರೆ. ಆ ಹಾಸ್ಟೆಲ್ ಕೋಣೆಯಲ್ಲಿ ನನಗೆ ಇಬ್ಬರ ದನಿಯೂ ಬೇರೆ ಬೇರೆಯಾಗಿ ಕೇಳಿಸಿತ್ತು.

ಈಗ ನಿಮ್ಮನ್ನೂ ಸ್ವಲ್ಪ ಗದರಬೇಕಾಗಿದೆ, ಬೇಸರಪಡಬೇಡಿ. ದಿನಾ ಬೆಳಿಗ್ಗೆ ನಲವತ್ತು ಮಂದಿಗೆ ಗುಲಾಬಿ ಹೂವಿನ ‘ಶುಭೋದಯ’ ಕಳಿಸುತ್ತೇನೆ, ಒಬ್ಬರೂ ಉತ್ತರಿಸುವುದಿಲ್ಲ ಎಂದು ನಿಮ್ಮ ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಯಾರೋ ಮಾಡಿದ ಚಿತ್ರ, ಯಾರೋ ಬರೆದ ಸುಭಾಷಿತ, ಯಾರ ಹೆಸರೂ ಇಲ್ಲ. ಮಗನ ಹೆಬ್ಬೆರಳಿಗೂ ನಿಮ್ಮ ಗುಲಾಬಿಗೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುತ್ತಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವರು ನೀವು. ನಲವತ್ತು ಜನಕ್ಕೆ ಒಂದು ಚಿತ್ರ ಕಳಿಸುವ ಬದಲು ದಿನಕ್ಕೊಬ್ಬರನ್ನು ಹೆಸರು ಹಿಡಿದು ಕರೆದು ಮೂರು ಸಾಲು ಬರೆದಿದ್ದರೆ ಉತ್ತರ ಬಾರದೆ ಇರುತ್ತಿತ್ತೇ?

ನಾನೂ ಇದೇ ತಪ್ಪು ಮಾಡಿದವನು. ಕಳೆದ ವರ್ಷ ನಮ್ಮ ದೊಡ್ಡಮ್ಮ ತೀರಿಕೊಂಡ ಸುದ್ದಿ ಕುಟುಂಬದ ಗುಂಪಿಗೆ ಬಂದಾಗ ಗಂಟೆಯೊಳಗೆ ಅರವತ್ತಮೂರು ಕೈಮುಗಿದ ಚಿತ್ರಗಳು ಬಿದ್ದವು, ಅವುಗಳಲ್ಲಿ ಒಂದು ನನ್ನದು. ವೈಕುಂಠ ಸಮಾರಾಧನೆಯ ದಿನ ದೊಡ್ಡಮ್ಮನ ಮಗಳು ನನ್ನ ಎಲೆಗೆ ಬಡಿಸುತ್ತಾ, “ಅಷ್ಟು ಜನ ಕೈ ಮುಗಿದಿರಿ ಅಣ್ಣ, ‘ನೀನು ಊಟ ಮಾಡಿದೆಯಾ’ ಅಂತ ಒಬ್ಬರೂ ಕೇಳಲಿಲ್ಲ” ಎಂದಳು. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಸಾವಿನ ಕಾಗದದ ಮೂಲೆ ಹರಿದು ಕಳಿಸುತ್ತಿದ್ದ, ಓದಿದೊಡನೆ ಅದನ್ನು ಹರಿದುಹಾಕಿ ಸ್ನಾನಕ್ಕೆ ಹೋಗುತ್ತಿದ್ದ ಕಾಲದಲ್ಲಿ ಆ ಸುದ್ದಿಗೆ ನಮ್ಮ ಮೈಯಾದರೂ ಮಿಡಿಯುತ್ತಿತ್ತು. ಈಗ ಅದೇ ಬೆರಳು ಸಾವಿನ ಸುದ್ದಿಯನ್ನು ಮೇಲಕ್ಕೆ ಸರಿಸಿ ಕ್ರಿಕೆಟ್ ಸ್ಕೋರಿಗೆ ಹೋಗುತ್ತದೆ.

ಮದುವೆಯ ಕರೆಯೋಲೆಗೂ ಇದೇ ಗತಿ. ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಅಕ್ಷತೆಯೊಂದಿಗೆ ಕೈಗಿತ್ತು, ‘ಮನೆಮಂದಿಯೆಲ್ಲ ಮುಂಚಿತವಾಗಿ ಬಂದು ನಡೆಸಿಕೊಡಬೇಕು’ ಎಂದು ಹೊಸಿಲಲ್ಲಿ ನಿಂತು ಕರೆಯುತ್ತಿದ್ದರು. ಈಗ ಇನ್ನೂರು ಜನರ ಗುಂಪಿಗೆ ಒಂದು ಪಿಡಿಎಫ್ ಬರುತ್ತದೆ, ಕೆಳಗೆ ‘ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಿ’ ಎಂಬ ಸಾಲು. ಕರೆಯುವವರಿಗೆ ಹೆಸರೆತ್ತುವಷ್ಟು ಪುರುಸೊತ್ತಿಲ್ಲದಾಗ ಭಾವಿಸಿಕೊಳ್ಳುವ ಹೊಣೆ ನಮ್ಮದೇಕೆ? ಅಂಥ ಮದುವೆಗಳಿಗೆ ಹೋಗುವುದನ್ನು ನಾನು ಬಿಟ್ಟಿದ್ದೇನೆ.

ನೀವು ಕಾಗದಕ್ಕೇ ಮರಳಬೇಕೆಂದು ನಾನು ಹೇಳುತ್ತಿಲ್ಲ. ಇನ್‌ಲ್ಯಾಂಡ್ ಪತ್ರ ಹೇಗೂ ದೇಶದ ಗಡಿ ದಾಟುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲೇ ಬರೆಯಿರಿ, ಆದರೆ ಕನ್ನಡ ಅಕ್ಷರಗಳಲ್ಲಿ, ಅವನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರಿನಿಂದಲೇ ಆರಂಭಿಸಿ. ತೋಟಕ್ಕೆ ಮಂಗ ಬಂದದ್ದು, ಕೊಳೆರೋಗಕ್ಕೆ ಎಷ್ಟು ಅಡಿಕೆ ಉದುರಿತು ಎಂಬುದು, ಅಪ್ಪೆಮಿಡಿ ಈ ಸಲ ಸಿಕ್ಕಿತೋ ಇಲ್ಲವೋ, ಎಲ್ಲವನ್ನೂ ನಿಮ್ಮ ಮನೆಯ ಮಾತಿನಲ್ಲೇ ಬರೆಯಿರಿ. ಕೊನೆಯಲ್ಲಿ ಅವನು ಒಂದು ವಾಕ್ಯದಲ್ಲಾದರೂ ಉತ್ತರಿಸಲೇಬೇಕಾದ ಪ್ರಶ್ನೆಯೊಂದನ್ನು ಕೇಳಿ. ಎರಡು ಸಲ ಬೆರಳೇ ಬಂದರೂ ಮೂರನೆಯ ಸಲ ಬರೆಯಿರಿ. ಉತ್ತರ ಬಂದಾಗ ಅದರ ಮೊದಲ ಸಾಲನ್ನು ಮಾತ್ರ ನಮಗೆ ತಿಳಿಸಿ. ಅದು ‘ಆಯಿ’ ಎಂದು ಆರಂಭವಾಗಿದೆಯೇ ಎಂದು ನೋಡುವ ಆಸೆ ನನಗೂ ಇದೆ.