ಬೋಟ್ಸೆನ್ನೋ ಬೊಲ್ಜಾನೊನೋ?

ಪಿಎಚ್‌ಡಿ ಪತ್ರದಲ್ಲಿ ಊರಿನ ಹೆಸರು ಒಂದು ಕಡೆ ಬೋಟ್ಸೆನ್, ಇನ್ನೊಂದು ಕಡೆ ಬೊಲ್ಜಾನೊ ಅಂತಿದೆ, ನಾನು ಬರುತ್ತಿರುವುದು ಇಟಲಿಗೇ ತಾನೇ ಎಂದು ಕೇಳಿದ್ದೀರಿ. ಯಾವ ಭಾಷೆ ಕಲಿಯಬೇಕು, ಊರ ನಡುವಿನ ಮುಸೊಲಿನಿ ಕಾಲದ ಕಮಾನನ್ನು ಇನ್ನೂ ಯಾಕೆ ಕೆಡವಿಲ್ಲ ಎಂದೂ ಕೇಳಿದ್ದೀರಿ.

ಹೌದು, ಇಟಲಿಗೇ. ಬೋಟ್ಸೆನ್ ಜರ್ಮನ್ ಹೆಸರು, ಬೊಲ್ಜಾನೊ ಇಟಾಲಿಯನ್ ಹೆಸರು, ಊರು ಒಂದೇ. ಆದರೆ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿಯನ್ನು ‘ನೀವು ಇಟಾಲಿಯನ್ನರಾ?’ ಎಂದು ಕೇಳಬೇಡಿ. ಬಂದ ಮೊದಲ ತಿಂಗಳು ನಾನು ಕೇಳಿದ್ದೆ. ‘ಪಾಸ್‌ಪೋರ್ಟ್ ಇಟಲಿಯದು’ ಎಂದು ಕಿಟಕಿಯ ಕಡೆ ತಿರುಗಿಬಿಟ್ಟರು. ನಾನು ಕಾಸರಗೋಡಿನವನು. 1956ರಲ್ಲಿ ನಮ್ಮ ಊರು ಕೇರಳಕ್ಕೆ ಹೋದಾಗ ನಮ್ಮಜ್ಜ ಮನೆ ಬಿಟ್ಟು ಅಲ್ಲಾಡಿರಲಿಲ್ಲ. ಆ ಅಜ್ಜಿಯ ಮುನಿಸು ನನಗೆ ಹೊಸದೇನಲ್ಲ. ಹಾಗಂತ ಎರಡೂ ಒಂದೇ ಅಲ್ಲ, ಇಲ್ಲಿ ನಡೆದದ್ದು ತುಂಬಾ ಒರಟು.

ಮೊದಲ ಮಹಾಯುದ್ಧದ ತನಕ ಇದು ಆಸ್ಟ್ರಿಯಾದ ಟಿರೋಲ್. ಜನ ಹೆಚ್ಚುಕಡಿಮೆ ಎಲ್ಲ ಜರ್ಮನ್ ಮಾತಾಡುವವರು. ಎತ್ತೊರೆ ತೊಲೊಮೆಯಿ ಎಂಬ ಇಟಲಿಯ ರಾಷ್ಟ್ರವಾದಿಗೆ ಇದು ಸಹಿಸಲಿಲ್ಲ. 1904ರಲ್ಲಿ ಉತ್ತರ ತುದಿಯ ಒಂದು ಶಿಖರ ಹತ್ತಿ, ತಾನೇ ಮೊದಲು ಹತ್ತಿದವನು ಎಂದು ಹೇಳಿಕೊಂಡು, ಅದಕ್ಕೆ ‘ಇಟಲಿಯ ಶಿಖರ’ ಅಂತ ಹೆಸರಿಟ್ಟ. ಒಂಬತ್ತು ವರ್ಷ ಮೊದಲೇ ಬೇರೆಯವರು ಹತ್ತಿ ಇಳಿದಾಗಿತ್ತು! 1916ರಲ್ಲಿ, ನೆಲ ಇನ್ನೂ ಕೈಗೆ ಬಂದಿರಲಿಲ್ಲ, ಆಗಲೇ ಎಲ್ಲ ಊರು, ಹೊಳೆ, ಗುಡ್ಡಗಳಿಗೆ ಇಟಾಲಿಯನ್ ಹೆಸರಿನ ಪಟ್ಟಿ ಅಚ್ಚು ಹಾಕಿಸಿದ. ಸ್ಟೆರ್ಟ್ಸಿಂಗ್ ಎಂಬ ಊರಿಗೆ ರೋಮನ್ನರ ಕಾಲದ ಹೆಸರು ಹುಡುಕಿ ವಿಪಿತೆನೊ ಮಾಡಿದ. ನಟುರ್ನ್ಸ್ ಬಾಲಕ್ಕೆ ಸುಮ್ನೆ ಒಂದು ‘ಒ’ ಅಂಟಿಸಿ ನಟುರ್ನೊ ಮಾಡಿದ. ಇವತ್ತಿಗೂ ಸರ್ಕಾರಿ ಹೆಸರುಗಳು ಆ ಪಟ್ಟಿಯವೇ ಜಾಸ್ತಿ. ಹೆಸರು ಬದಲಿಸುವ ಸುದ್ದಿಗೆ ಕಾಸರಗೋಡಿನ ನಮ್ಮವರು ಯಾಕೆ ಸಿಡಿಮಿಡಿಗೊಳ್ಳುತ್ತಾರೆ ಅಂತ ನನಗೆ ಇಲ್ಲಿ ಬಂದ ಮೇಲೆ ಸರಿಯಾಗಿ ಗೊತ್ತಾಯಿತು.

ಯುದ್ಧ ಮುಗಿದ ಮೇಲೆ ಈ ನೆಲ ಇಟಲಿಯ ಪಾಲಾಯಿತು. 1923ರಲ್ಲಿ ತೊಲೊಮೆಯಿ ಇದೇ ಊರಿನ ಥಿಯೇಟರಿನಲ್ಲಿ ನಿಂತು, ಇದನ್ನೆಲ್ಲ ಇಟಾಲಿಯನ್ ಮಾಡುವ 32 ಅಂಶಗಳ ಕಾರ್ಯಕ್ರಮ ಓದಿದ. ಜರ್ಮನ್ ಶಾಲೆ ಮುಚ್ಚಿತು, ಟಿರೋಲ್ ಎಂಬ ಹೆಸರೇ ಬರೆಯಬಾರದು ಎಂದಾಯಿತು, ಕೊನೆಗೆ ಸಮಾಧಿ ಕಲ್ಲಿನ ಮೇಲೂ ಜರ್ಮನ್ ಬೇಡ ಎಂದರು. ಮಕ್ಕಳು ಅಡುಗೆಮನೆ, ಕೊಟ್ಟಿಗೆಗಳಲ್ಲಿ ಕದ್ದು ಅಕ್ಷರ ಕಲಿತರು. ಗಾಂಪರ್ ಎಂಬ ಪಾದ್ರಿ ಮುಂದೆ ನಿಂತು ನಡೆಸಿದ ಈ ಕಳ್ಳಶಾಲೆಗಳನ್ನು ಇಲ್ಲಿ ‘ಕ್ಯಾಟಕೂಂಬ್ ಶಾಲೆ’ ಅನ್ನುತ್ತಾರೆ, ಕ್ಯಾಟಕೂಂಬ್ ಅಂದರೆ ನೆಲದಡಿಯ ಸಮಾಧಿ ಗುಹೆ. ನೀವು ಕೇಳಿದ ಕಮಾನು ಎದ್ದದ್ದು 1928ರಲ್ಲಿ. ‘ಇಲ್ಲಿಂದಲೇ ನಾವು ಉಳಿದವರಿಗೆ ಭಾಷೆ, ಕಾನೂನು, ಕಲೆ ಕಲಿಸಿದೆವು’ ಎಂದು ಅದರ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ಯಾರಿಗೆ ಕೇಳಲಿ ಅಂತ ಬರೆದದ್ದು ಎಂದು ಬೇರೆ ಹೇಳಬೇಕಿಲ್ಲ ಅಲ್ವಾ?

ಮನೆಮನೆಯಲ್ಲೂ ಗಾಯ ಬಿಟ್ಟದ್ದು ಮಾತ್ರ 1939. ಹಿಟ್ಲರ್, ಮುಸೊಲಿನಿ ಇಬ್ಬರೂ ಸೇರಿ ಈ ಜನರಿಗೆ ‘ಆಯ್ಕೆ’ ಕೊಟ್ಟರು. ಜರ್ಮನ್ನರಾಗಿ ಉಳಿಯಬೇಕಾ, ಗಂಟುಮೂಟೆ ಕಟ್ಟಿ ಹಿಟ್ಲರನ ರಾಜ್ಯಕ್ಕೆ ಹೋಗಿ. ಇಲ್ಲೇ ಇರಬೇಕಾ, ಇಟಾಲಿಯನ್ನರಾಗಿ. ಉಳಿದವರನ್ನು ಸಿಸಿಲಿಗೆ ಸಾಗಿಸುತ್ತಾರಂತೆ ಎಂಬ ಗಾಳಿಸುದ್ದಿಯೂ ಹಬ್ಬಿತು. ನಾಜಿ ಕಡೆಯವರು ಮನೆಮನೆಗೆ ಹೋಗಿ ಉಳಿಯುವವರನ್ನು ದ್ರೋಹಿಗಳು ಎಂದರು. ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನ ‘ಹೋಗುತ್ತೇವೆ’ ಎಂದು ಬರೆದುಕೊಟ್ಟರು. ನಿಜವಾಗಿ ಹೊರಟದ್ದು ಸುಮಾರು 75,000 ಮಂದಿ. ಅಣ್ಣ ಹೋಗುತ್ತೇನೆ ಅಂದ, ತಮ್ಮ ಇಲ್ಲ ಅಂದ, ಮತ್ತೆ ಮಾತಿಲ್ಲ. ನಮ್ಮ ಪಕ್ಕದ ತೋಟದ ಮನೆಯಲ್ಲಿ ಇವತ್ತಿಗೂ ಊಟದ ಮೇಜಿನಲ್ಲಿ ಆ ವರ್ಷದ ಮಾತು ಎತ್ತುವುದಿಲ್ಲ. ನನ್ನನ್ನು ಕೇಳಿದರೆ, ಇವರ ‘ನಾವು’ ಇಷ್ಟು ಗಟ್ಟಿಯಾದದ್ದು ಇಟಲಿ ಒತ್ತಿದ್ದಕ್ಕೇ. ಅಳಿಸಲು ಹೋಗಿ ಇನ್ನೂ ಆಳಕ್ಕೆ ಬರೆದರು.

ಮುಂದಿನದನ್ನು ಬೇಗ ಹೇಳುತ್ತೇನೆ: ಇಲ್ಲಿನ ಜರ್ಮನ್ ಮಾತಿನವರ ಹಕ್ಕಿಗಾಗಿ ಇಟಲಿ, ಆಸ್ಟ್ರಿಯಾ ಮಾಡಿಕೊಂಡ 1946ರ ಒಪ್ಪಂದ, 1961ರಲ್ಲಿ ಇಟಲಿ ಬೇಡವೆಂದವರು ವಿದ್ಯುತ್ ಕಂಬಗಳಿಗೆ ಇಟ್ಟ ಬಾಂಬು, 1972ರಲ್ಲಿ ಈ ಪ್ರಾಂತ್ಯಕ್ಕೆ ಸಿಕ್ಕ ಸ್ವಾಯತ್ತತೆ. ಈಗ ದುಡ್ಡೂ ಇದೆ, ನೆಮ್ಮದಿಯೂ ಇದೆ.

ಕಮಾನಿನ ಮುಂದಿನ ವಿಜಯ ಚೌಕಕ್ಕೆ 2001ರಲ್ಲಿ ಶಾಂತಿ ಚೌಕ ಎಂದು ಹೆಸರಿಟ್ಟರು. ಮರುವರ್ಷ ಊರವರೇ ವೋಟು ಹಾಕಿ ‘ವಿಜಯ’ವನ್ನು ವಾಪಸ್ ತಂದರು. 2014ರಲ್ಲಿ ಒಂದು ಕಂಬಕ್ಕೆ ಎಲ್‌ಇಡಿ ಉಂಗುರ ತೊಡಿಸಿ, ಕೆಳಗಿನ ನೆಲಮಾಳಿಗೆಯಲ್ಲಿ ಇದೆಲ್ಲ ಕಥೆಯ ಪ್ರದರ್ಶನ ಇಟ್ಟರು. ಕೆಡವಿದ್ದರೆ ಜಗಳ, ಹಾಗೇ ಬಿಟ್ಟಿದ್ದರೂ ಜಗಳ. ನನಗೆ ಈ ಉಂಗುರದ ಉಪಾಯ ಇಷ್ಟ. ನನ್ನ ಹೆಂಡತಿಗೆ ಇಲ್ಲ, ‘ಬಳೆ ತೊಡಿಸಿದರೆ ತಪ್ಪು ಒಪ್ಪಾಗುತ್ತಾ’ ಅನ್ನುತ್ತಾಳೆ.

ಭಾಷೆ? ಪೇಟೆಯಲ್ಲಿ ನಾಲ್ಕರಲ್ಲಿ ಮೂರು ಜನ ಇಟಾಲಿಯನ್. ಹಳ್ಳಿಗೆ ಹೋದರೆ ಜರ್ಮನ್, ಅದೂ ಪುಸ್ತಕದ ಜರ್ಮನ್ ಅಲ್ಲ. ಮೊದಲು ಇಟಾಲಿಯನ್ ಕಲಿಯಿರಿ, ಆಮೇಲೆ ಜರ್ಮನ್. ಇಲ್ಲೇ ನೆಲೆಸಿ ಸರ್ಕಾರಿ ಕೆಲಸ ಬೇಕೆಂದರೆ ಎರಡೂ ಬೇಕು, ಪರೀಕ್ಷೆ ಇದೆ. ಜೊತೆಗೆ ಯಾವ ಭಾಷಾ ಗುಂಪಿನವರು ಎಂದು ಬರೆದುಕೊಡಬೇಕು, ಕೆಲಸ ಹಂಚುವುದು ಗುಂಪಿನ ಲೆಕ್ಕದಲ್ಲಿ. ಪೌರತ್ವ ಸಿಕ್ಕ ಮೇಲೆ ನನಗೂ ಆ ಫಾರಂ ಬಂತು. ಇಟಾಲಿಯನ್, ಜರ್ಮನ್, ಇಲ್ಲಿನ ಕೆಲವು ಕಣಿವೆಗಳ ಸಣ್ಣ ಭಾಷೆ ಲಡಿನ್, ಮೂರೇ ಕಾಲಂ. ಯಾವುದೂ ಅಲ್ಲ ಎಂದರೂ ಮೂರರಲ್ಲಿ ಒಂದಕ್ಕೆ ಸೇರಿಕೊಳ್ಳಲೇಬೇಕು. ಅದು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಹೋಗುತ್ತದೆ. ಕಾಸರಗೋಡಿನ ಕನ್ನಡಿಗ ಯಾವುದಕ್ಕೆ ಗುರುತು ಹಾಕಿದ ಅಂತ ನನ್ನ ಹೆಂಡತಿಗೂ ಹೇಳಿಲ್ಲ.

ಬಂದ ವಾರ ತಿಳಿಸಿ. ಕಮಾನಿನ ಕೆಳಗಿನ ಪ್ರದರ್ಶನಕ್ಕೆ ಟಿಕೆಟ್ ಇಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ.